ಪಿಳ್ಳಪ್ಪನವರ ಎಡೆಗೆ ಬಾಡಿನ ಸಾರು

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಿನಿಂದ ಸಸ್ಯಾಹಾರಿ. ಸ್ಯಾನ್ ಡಿಯಾಗೋದಲ್ಲಿ ಪಕ್ಕದ ಮನೆಯ ಪ್ರಭಾ ದನದ ಬಾಡಿನ ಸಾರು ಕುದಿಸುವ ದಿನ ಮೊದಮೊದಲು ಕಿಟಕಿ ಮುಚ್ಚಿಕೊಳ್ಳುತ್ತಿದ್ದವಳು. ಅದಕ್ಕೆ ಈಗ ನಾಚಿಕೆಯಿದೆ. ನನ್ನ ನಾಚಿಕೆ ಒತ್ತಟ್ಟಿಗಿರಲಿ. ಪ್ರಭಾಳ ಅಣ್ಣ ಚಂದ್ರಮೋಹನ್ ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಪ್ರಭಾ ಮಾಲೂರಿನ ಹತ್ತಿರದ ಹಳ್ಳಿಯವಳು. ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯೊಂದರ ಲ್ಯಾಬಿನಲ್ಲಿ ಹದಿನೈದು ವರ್ಷದಿಂದ ಟೆಸ್ಟಿಂಗ್ ಕೆಲಸ. ಮಾತು ಕಡಿಮೆ. ಜಾತಿ ಕೆದಕಿದವರಿಗೆ ದಲಿತಳೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಹೇಳಿದ ಮೇಲೆ ಕೆಲವರ ಮನೆಯಿಂದ ಹಬ್ಬದ ಕರೆ ನಿಂತದ್ದೂ ಉಂಟು. ಅದಕ್ಕೆ ಅವಳು ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ಅಣ್ಣನದು ಬೇರೆ ದಾರಿ. ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ದೊಡ್ಡ ಮನೆ, ದೊಡ್ಡ ಹುದ್ದೆ. ಅಲ್ಲಿಯ ಕನ್ನಡದವರ ನಡುವೆ ಅವನು ಶುದ್ಧ ಸಸ್ಯಾಹಾರಿ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ತಿಂಗಳಿಗೊಮ್ಮೆ ಮಾತ್ರ ತಂಗಿಯನ್ನು ನೋಡುವ ನೆಪದಲ್ಲಿ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಬಾಡಿನ ಸಾರಿನಲ್ಲಿ ಎರಡು ಮುದ್ದೆ ನುಂಗಿ, ಮೂಳೆ ಚೀಪಿ, ಉಳಿದದ್ದನ್ನು ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ‘ರಾಜ್ಮಾ’ ಎಂದು ಚೀಟಿ ಅಂಟಿಸಿಕೊಂಡು ಹೋಗುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅದನ್ನು ಆಗ ನಾನು ನಕ್ಕು ಬಿಟ್ಟಿದ್ದೆ.

2021ರ ಮೇ ತಿಂಗಳಲ್ಲಿ ಅವರ ಅಪ್ಪ ಪಿಳ್ಳಪ್ಪ ಊರಿನ ಕಡೆಯ ಆಸ್ಪತ್ರೆಯಲ್ಲಿ ಕೊರೋನಾದಿಂದ ತೀರಿಕೊಂಡರು. ಮಕ್ಕಳಿಬ್ಬರಿಗೂ ಹೋಗಲಾಗಲಿಲ್ಲ. ಕೊನೆಯ ವಿಡಿಯೋ ಕಾಲಿನಲ್ಲಿ ಅವರು ಮಗಳಿಗೆ ಹೇಳಿದ್ದು ಇಷ್ಟೇ: “ಈ ಗಂಜಿ ಸೇರ್ತಿಲ್ಲ ಕಣಮ್ಮ. ವಾಸಿಯಾದ್ಮೇಲೆ ನಿನ್ ಕೈಯಾಗಿನ ಬಾಡಿನ್ ಸಾರು ಉಣ್ಬೇಕು.” ಆ ಮಾತನ್ನು ಪ್ರಭಾ ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಅವರ ಮನೆಯ ಪದ್ಧತಿ. ಸತ್ತವರು ಇಷ್ಟಪಟ್ಟು ಉಣ್ಣುತ್ತಿದ್ದುದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಂದಕ್ಕೆಳೆದು, ಎಲ್ಲರೂ ಹೊರಗೆ ನಿಲ್ಲಬೇಕು. ಆಗ ಹಿರಿಯರು ಬಂದು ಉಂಡು ಹೋಗುತ್ತಾರೆ. ಅಪ್ಪನ ಮೊದಲ ಎಡೆ ಮಗನ ಮನೆಯಲ್ಲೇ ಆಗಬೇಕೆಂದು ಪ್ರಭಾ ಹಟ ಹಿಡಿದಳು. ಅಮಾವಾಸ್ಯೆ ಬಂದದ್ದು ಬುಧವಾರ. ಆದರೆ ಅಮೆರಿಕದಲ್ಲಿ ಹಿರಿಯರೂ ವೀಕೆಂಡ್ ನೋಡಿಕೊಂಡೇ ಬರಬೇಕು, ಭಾನುವಾರವೆಂದು ನಿಶ್ಚಯವಾಯಿತು.

“ಸಾರು ನಾನು ಮಾಡ್ಕೊಂಡ್ ಬರ್ತೀನಿ ಅಂತ ಅಣ್ಣಂಗೆ ಹೇಳಿದೀನಿ. ಹೂಂ ಅಂದ,” ಎಂದಳು.

ಶನಿವಾರ ಮೆಕ್ಸಿಕನ್ ಅಂಗಡಿಯಲ್ಲಿ ನಿಂತು ಮೂಳೆಸಹಿತ ಕಾಲಿನ ಬಾಡು ಕಡಿಸಿ ತಂದಳು. ಭಾನುವಾರ ಬೆಳಗ್ಗೆ ನಾನು ಅವಳ ಅಡುಗೆಮನೆಯಲ್ಲೇ ಇದ್ದೆ, ಮೂಗು ಮುಚ್ಚಿಕೊಳ್ಳದೆ. ಈರುಳ್ಳಿಯನ್ನು ಒಲೆಯ ಉರಿಯಲ್ಲೇ ಕಪ್ಪಾಗುವಂತೆ ಸುಟ್ಟಳು. ಧನಿಯಾ, ಒಣಮೆಣಸಿನಕಾಯಿ, ಚಕ್ಕೆ, ಲವಂಗ ಹುರಿದು ಕಾಯಿಯೊಂದಿಗೆ ರುಬ್ಬಿದಳು. ಅವರೆಕಾಳು ಹಾಕಿದಳು. ಕುಕ್ಕರ್ ಇದ್ದರೂ ಮುಟ್ಟಲಿಲ್ಲ. ಮೂರು ಗಂಟೆ ಸಣ್ಣ ಉರಿ, ನಡುನಡುವೆ ಒಂದು ತುಂಡನ್ನು ಬೆರಳಲ್ಲಿ ಮುರಿದು ನೋಡುವುದು.

“ಬೆಂದಿದೆಯಲ್ಲ,” ಎಂದೆ.

“ನಮಗೆ ಬೆಂದಿದೆ. ಅಪ್ಪಂಗೆ ಹಲ್ಲಿರ್ಲಿಲ್ಲ,” ಎಂದು ಇನ್ನರ್ಧ ಗಂಟೆ ಬಿಟ್ಟಳು. ಆಮೇಲೆ ಮುದ್ದೆ ಕಟ್ಟಿ, ಒಂದು ಬಾಳೆಲೆ ಸುತ್ತಿಕೊಂಡು, ಕಾರಿನಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ನಾನು ಡ್ರೈವ್ ಮಾಡಿದೆ.

ಚಂದ್ರಮೋಹನ್ ಜರಿ ಪಂಚೆಯಲ್ಲಿ ಡ್ರೈವ್‌ವೇಗೆ ಬಂದವನು ಪಾತ್ರೆ ನೋಡಿ ದನಿ ತಗ್ಗಿಸಿದ. “ಬೇಳೆ ಸಾರು ಅಂದ್ಕೊಂಡಿದ್ದೆ. ಇದು ಕಾರಲ್ಲೇ ಇರ್ಲಿ. ಒಳಗೆ ಸಿದ್ಧಲಿಂಗೇಶ್ ಸರ್ ಫ್ಯಾಮಿಲಿ ಸಮೇತ ಬಂದಿದಾರೆ, ನಮ್ ಆಫೀಸ್‌ನವ್ರು.”

“ಅಪ್ಪ ಕೇಳಿದ್ದು ಇದನ್ನೇ ಅಲ್ವಾ ಅಣ್ಣ.”

“ಅಪ್ಪ ಬಂದು ನೋಡ್ತಾರಾ? ಆಮೇಲೆ ಗರಾಜ್ ಫ್ರಿಜ್ಜಲ್ಲಿಡು. ವೇಸ್ಟ್ ಮಾಡ್ಬೇಡ, ಎಲ್ರೂ ಹೋದ್ಮೇಲೆ ನಾನು ಉಣ್ತೀನಿ.”

ಅಪ್ಪನಿಗೆಂದು ತಂದದ್ದನ್ನು ಅಪ್ಪನಿಗೆ ಇಡಬಾರದು, ಇವನು ಕದ್ದು ಉಣ್ಣಬಹುದು. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಪ್ರಭಾ ಪಾತ್ರೆಯನ್ನು ಡಿಕ್ಕಿಯಲ್ಲಿಟ್ಟಳು.

ಪ್ರಭಾಳ ಫೋನಿನಲ್ಲಿ ನಾನು ನೋಡಿದ್ದ ಪಿಳ್ಳಪ್ಪನವರ ಗುರುತೇ ಒಳಗಿದ್ದ ಫೋಟೋದಲ್ಲಿ ಸಿಗಲಿಲ್ಲ. ಹಣೆಗೆ ಗಂಧದ ಬೊಟ್ಟು, ಹೆಗಲಿಗೆ ಶಾಲು, ಎಲ್ಲ ಕಂಪ್ಯೂಟರಿನಲ್ಲಿ ಸೇರಿಸಿದ್ದು. ಎಲೆಯ ಮೇಲೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಹೋಳಿಗೆ. ಚಂದ್ರಮೋಹನ್ ಕೈಮುಗಿದು ಸಿದ್ಧಲಿಂಗೇಶರಿಗೆ ಹೇಳಿದ: “ನಮ್ ತಂದೆ ಈರುಳ್ಳೀನೂ ಮುಟ್ತಿರ್ಲಿಲ್ಲ ಸರ್.” ಜೀವನವಿಡೀ ಇನ್ನೊಬ್ಬರ ಹೊಲದಲ್ಲಿ ದುಡಿದು, ಬಾಡಿನ ಸಾರು ಸಿಕ್ಕ ದಿನ ಹಬ್ಬವೆಂದುಕೊಂಡು, ಇಬ್ಬರು ಮಕ್ಕಳನ್ನು ಎಂಜಿನಿಯರ್ ಮಾಡಿದ ಮನುಷ್ಯ ಅವರು. ಸತ್ತ ಐದೇ ತಿಂಗಳಿಗೆ ಮಗ ಅವರ ಹೊಟ್ಟೆಯನ್ನೂ ಬದಲಾಯಿಸಿಬಿಟ್ಟಿದ್ದ.

ಆದರೆ ಬಾಗಿಲು ಮುಚ್ಚುವ ಶಾಸ್ತ್ರವನ್ನು ಅವನು ಬಿಟ್ಟಿರಲಿಲ್ಲ. ಎಲ್ಲರೂ ಹೊರಗೆ ಬಂದು ಡ್ರೈವ್‌ವೇಯಲ್ಲಿ ನಿಂತರು. ಪ್ರಭಾ ನೇರ ಕಾರಿನ ಹತ್ತಿರ ಹೋದಳು. ಡಿಕ್ಕಿ ತೆಗೆದು, ಬಾಳೆಲೆಯೊಂದನ್ನು ನೆಲದ ಮೇಲೆ ಹಾಸಿ, ನೀರು ಚಿಮುಕಿಸಿ, ಮುದ್ದೆ ಇಟ್ಟಳು. ಪಕ್ಕದಲ್ಲಿ ಮೂರು ಸೌಟು ಸಾರು, ಮೂಳೆಯ ತುಂಡುಗಳು. ಮಸಾಲೆಯ ಘಮ ಎಲ್ಲರನ್ನೂ ತಿರುಗಿಸಿತು.

“ಇದೇನಮ್ಮ?” ಎಂದರು ಸಿದ್ಧಲಿಂಗೇಶ.

“ದನದ ಬಾಡಿನ ಸಾರು ಸರ್. ನಮ್ಮಪ್ಪ ಉಣ್ತಿದ್ದಿದ್ದು.”

ಅವರ ಹೆಂಡತಿ ಸೆರಗನ್ನು ಮೂಗಿಗೆ ಹಿಡಿದರು. ಸಿದ್ಧಲಿಂಗೇಶ ಚಂದ್ರಮೋಹನನ ಮುಖ ನೋಡಿದರು. ಅವನು ತಂಗಿಯ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ಹೇಳಿದ: “ಎತ್ತು ಅದನ್ನ. ಮನೆ ಮುಂದೆ ಮರ್ಯಾದೆ ತೆಗೀಬೇಡ.”

ಪ್ರಭಾ ಎಲೆಯ ಮುಂದೆ ಕೂತಲ್ಲೇ, ದನಿ ಏರಿಸದೆ, ಎಲ್ಲರಿಗೂ ಕೇಳುವಂತೆ ಅಂದಳು:

“ಇರ್ಲಿ ಬಿಡಣ್ಣ. ಅಪ್ಪಂಗೆ ಆಚೆ ಕೂತು ಉಂಡು ಅಭ್ಯಾಸ ಐತೆ. ಊರಾಗೆ ಯಾರೂ ಒಳಕ್ಕೆ ಕರೀಲಿಲ್ಲ. ಮಗನ ಮನೇಲೂ ಆಚೇನೇ ಅಂತ ಗೊತ್ತಿರ್ಲಿಲ್ಲ, ಪಾಪ.”