ಸಂಕದಕೇರಿಯ ಕಾಲುವೆ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಮೂಡಿಗೆರೆ ಕಡೆಗೆ ಭೂಮಾಪಕನಾಗಿ ಹಾಕಿದರು. ಜನರ ಬಾಯಲ್ಲಿ ಸರ್ವೆಯರ್. ಮೂವತ್ತು ವರ್ಷ ನೆಲ ಅಳೆದ ಜಂಬ ತಲೆಗೇರಿದ್ದ ಕಾಲ ಅದು. ಒಂದೇ ಒಂದು ಅಕ್ಷರ ಆ ಜಂಬವನ್ನೆಲ್ಲ ಇಳಿಸಿಬಿಟ್ಟಿತು.

ಬಣಕಲ್‌ನಿಂದ ಒಳಗೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಸಂಕದಕೇರಿ ಎಂಬ ಹದಿನಾಲ್ಕು ಮನೆಗಳ ಊರು. ಮೇಲಿನ ಹಳ್ಳಕ್ಕೆ ಕಟ್ಟೆ ಹಾಕಿ ಹಿಂದಿನವರು ತೋಡಿದ ಕಾಲುವೆ ಎಸ್ಟೇಟೊಂದನ್ನು ಹಾದು, ಊರ ನಡುವೆ ಹರಿದು ಗದ್ದೆಗೆ ಇಳಿಯುತ್ತಿತ್ತು. ಮನೆಗಳೆಲ್ಲ ಅದರ ಎರಡೂ ದಡದಲ್ಲಿ; ದಾಟಲು ಮನೆಗೊಂದು ಸಂಕ, ಅಂದರೆ ಮರದ ದಿಮ್ಮಿಯ ಸೇತುವೆ. ನಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಹಾಲೆಂಡಿನ ಹಳ್ಳಿಯೊಂದರ ಚಿತ್ರವಿತ್ತು. ಇಂಥದೇ ಕಾಲುವೆ, ಇಂಥವೇ ಪುಟ್ಟ ಸೇತುವೆಗಳು. ಅದನ್ನು ದಿನಾ ಬಾಯಿ ಬಿಟ್ಟು ನೋಡುತ್ತಿದ್ದ ಮಹಾನುಭಾವ ನಾನು!

ಎಸ್ಟೇಟಿನ ಗಡಿ ಗುರುತಿಸಲು ಹೋದದ್ದು ಬೇಸಿಗೆಯ ಕೊನೆಯಲ್ಲಿ. ಎಸ್ಟೇಟಿನೊಳಗೆ ಕಾಲುವೆ ಒಣಗಿ, ತರಗೆಲೆ ತುಂಬಿ, ಪೊದೆ ಮುಚ್ಚಿಕೊಂಡಿತ್ತು. ಹಳೆಯ ನಕ್ಷೆಯಲ್ಲೂ ಇರಲಿಲ್ಲ. ಸಾಗುವಳಿಗೆ ಬಾರದ ಜಾಗವನ್ನು ನಮ್ಮ ದಾಖಲೆಯಲ್ಲಿ ಖರಾಬು ಎನ್ನುತ್ತೇವೆ. ‘ಅ’ ಖರಾಬು ಹಿಡುವಳಿದಾರನಿಗೇ ಸೇರಿದ್ದು. ‘ಬ’ ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ, ಅದನ್ನು ಯಾರೂ ಮುಟ್ಟುವಂತಿಲ್ಲ.

ಊರಿನ ಹಿರಿಯೆ ಪುಟ್ಟಮ್ಮ ನನ್ನ ಹಿಂದೆಯೇ ನಡೆದು ಬಂದರು. “ಇನ್ನೆಂಟು ದಿನ ತಡೀರಿ ಸಾರ್. ಮಳೆಗೆ ಮುಂಚೆ ವರ್ಷಾ ವರ್ಷ ಊರೋರೆಲ್ಲ ಸೇರಿ ಕಾಲುವೆ ಕೆರೀತೀವಿ. ಆಮೇಲೆ ನಿಮ್ಗೇ ಕಾಣುತ್ತೆ. ಇದೊಂದು ಹೋದ್ರೆ ನಮ್ಗೆ ಗದ್ದೆನೂ ಇಲ್ಲ, ಬಾವಿನೂ ಇಲ್ಲ.”

“ನಾಳೆನೇ ಸ್ಕೆಚ್ ಕೊಡ್ಬೇಕಮ್ಮಾ. ನೀವು ಹೇಳಿದ್ದನ್ನ ಬರಿಯೋಕಾಗಲ್ಲ, ನನ್ ಕಣ್ಣಿಗೆ ಕಂಡಿದ್ದನ್ನ ಬರೀಬೇಕು,” ಎಂದೆ. ‘ಅ’ ಎಂದು ಬರೆದೆ.

ಆ ಮಳೆಗಾಲ ಕಳೆಯುತ್ತಲೇ ಎಸ್ಟೇಟಿನವರು ಜೆಸಿಬಿ ತರಿಸಿ ಕಾಲುವೆ ಮುಚ್ಚಿ ಕಾಫಿ ಗಿಡ ನೆಟ್ಟರು. ಅವರನ್ನು ಬೈದು ಏನು ಬಂತು? ಜಾಗ ನಿಮ್ಮದೇ ಎಂದು ಬರೆದುಕೊಟ್ಟವನು ನಾನು. ಊರಿನವರು ಅರ್ಜಿ ಹಾಕಿದರು. ವಿಚಾರಣೆಯಲ್ಲಿ ಮೇಲಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: “ನೀವು ನೋಡಿದಾಗ ನೀರು ಹರೀತಿತ್ತೇನ್ರೀ?”

“ಇಲ್ಲ ಸಾರ್.”

ಸುಳ್ಳಲ್ಲ. ಆದರೆ ಕೆಳಗೆ ಸಾಲು ಸಂಕಗಳನ್ನು ನೋಡಿದ್ದೆ. ನೀರಿಲ್ಲದ ಕಡೆ ಯಾರು ಸೇತುವೆ ಹಾಕುತ್ತಾರೆ? ಅದನ್ನು ಹೇಳಲಿಲ್ಲ. ನಿವೃತ್ತಿಯ ಹೊತ್ತಿಗೆ ನೋಟಿಸು ಬಂದೀತೆಂಬ ಪುಕ್ಕಲುತನ, ಬೇರೇನಲ್ಲ. ಪುಟ್ಟಮ್ಮ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಎದ್ದು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅರ್ಜಿ ವಜಾ ಆಯಿತು.

ನಿವೃತ್ತನಾದ ಮೇಲೆ ತಪ್ಪೊಪ್ಪಿಕೊಂಡು ಬರೆದು ಕೊಟ್ಟೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಉತ್ತರ ಇನ್ನೂ ಬಂದಿಲ್ಲ. ನೆಲ ಅಳೆಯುವ ಮುಂಚೆ ಆ ನೆಲದವರ ಮಾತು ಕೇಳಿ, ಎಂಟು ದಿನ ಕಾಯಿರಿ ಎಂದು ಹೊಸ ಸರ್ವೆಯರುಗಳಿಗೆ ಹೇಳುತ್ತಿರುತ್ತೇನೆ. ನನಗೆ ಕೆಲಸ ಕಲಿಸಿದ ಪಾಠ ಇಷ್ಟೇ.

ಹೋದ ಬೇಸಿಗೆಯಲ್ಲಿ ಸಂಕದಕೇರಿಗೆ ಹೋಗಿದ್ದೆ. ಬಾವಿ ಬತ್ತಿ ಒಂಬತ್ತು ಮನೆಗಳಿಗೆ ಬೀಗ ಬಿದ್ದಿತ್ತು. ಗದ್ದೆ ಬೀಳು. ಪುಟ್ಟಮ್ಮ ಒಬ್ಬರೇ ತಮ್ಮ ಸಂಕದ ಕೆಳಗಿನ ಒಣ ಕಾಲುವೆಯನ್ನು ಕೆರೆಯುತ್ತಿದ್ದರು. “ನೀರೇ ಬರಲ್ವಲ್ಲಮ್ಮಾ... ಗುದ್ದಲಿ ನನ್ ಕೈಗಾದ್ರೂ ಕೊಡಿ,” ಎಂದೆ.

ಅವರು ಕೊಡಲಿಲ್ಲ. ತಲೆ ಎತ್ತದೆ ಹೇಳಿದರು: “ಬ್ಯಾಡ ಬಿಡಿ ಸಾರ್. ಮತ್ತೆ ಯಾರಾದ್ರೂ ಅಳೆಯೋಕೆ ಬಂದ್ರೆ ಅವ್ರ ಕಣ್ಣಿಗಾದ್ರೂ ಕಾಣ್ಲಿ ಅಂತ ಕೆರೀತಿದೀನಿ.”