ಸಾಲು ನಿಲ್ಲದ ಲೋಹ

ಇಪ್ಪತ್ತೆರಡು ವರ್ಷ ತಕ್ಕಡಿಯ ಮುಂದೆ ಕೂತವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಜಿರ್ಕೋನಿಯಂ, ತಾಮ್ರ, ನಿಕ್ಕಲ್, ಅಲ್ಯೂಮಿನಿಯಂ ತೂಗಿ ಕೊಡುವುದು ಅವಳ ಕೆಲಸ. ಅವನ್ನು ಒಟ್ಟಿಗೆ ಕರಗಿಸಿ ತಣ್ಣನೆಯ ಅಚ್ಚಿಗೆ ಸುರಿದರೆ ಗಾಜಿನಂಥ ಲೋಹದ ಪಟ್ಟಿ ಬರುತ್ತಿತ್ತು. ಬಿಲ್ಲಿನಂತೆ ಬಗ್ಗಿಸಿ ಬಿಟ್ಟರೆ ಚಿಮ್ಮಿ ನೆಟ್ಟಗಾಗುತ್ತಿತ್ತು.

"ಲೋಹ ಹೇಗಕ್ಕಾ ಗಾಜಾಗೋದು?" ಎಂದು ಹೊಸಬರು ಕೇಳಿದರೆ ಅವಳ ಉತ್ತರ ಒಂದೇ: "ಗುಂಪು ಫೋಟೋ ತೆಗೆಯೋದು ನೋಡಿಲ್ವಾ? ಎಲ್ಲಾ ಒಂದೇ ಅಳತೆಯವರಾದ್ರೆ ತಟ್ಟಂತ ಸಾಲು ನಿಲ್ತಾರೆ. ದಪ್ಪದವರು, ಕುಳ್ಳರು, ಮಕ್ಕಳು ಬೆರೆತ್ರೆ, ತಳ್ಳಾಟ ಮುಗಿಯೋದ್ರೊಳಗೆ ಕ್ಲಿಕ್! ಪರಮಾಣುಗಳೂ ಅಷ್ಟೇ. ಸಾಲಾಗೋ ಮೊದಲೇ ಗಟ್ಟಿಯಾಗ್ಬಿಡ್ಬೇಕು. ಬೆರಕೆಯ ಹದ ತಪ್ಪಿದ್ರೆ ಸಾಲು ನಿಂತ್ಬಿಡ್ತವೆ."

ಆ ವಾರ ನಿಂತೇಬಿಟ್ಟವು. ಬಗ್ಗಿಸಿದ ಪಟ್ಟಿಗಳೆಲ್ಲ ಒಣಕಡ್ಡಿಯ ಹಾಗೆ ಲಟಕ್ಕೆಂದವು. ಸರಕು ಕೊಳ್ಳುವ ಹೊಣೆ ಹೊತ್ತಿದ್ದ ಯಜಮಾನರ ಭಾವಮೈದ ತೀರ್ಪು ಕೊಟ್ಟ: "ಅಕ್ಕನ ಕಣ್ಣು ಮಂಜಾಗಿದೆ ಭಾವ. ಪ್ಯಾಕಿಂಗಿಗೆ ಹಾಕೋಣ, ಆರಾಮಾಗಿರ್ಲಿ."

ಕೊಳ್ಳುವವನು ಎಂದೂ ತಪ್ಪುವುದಿಲ್ಲ, ತಪ್ಪುವುದು ತಕ್ಕಡಿಯೇ. ಇದು ಎಲ್ಲ ವ್ಯಾಪಾರದಲ್ಲೂ ಇರುವುದೇ.

ಆದರೆ ತೂಕದಕ್ಕನಿಗೆ ದಿಗಿಲಾಯಿತು. ಕಣ್ಣು ಮಂಜಾಗಿದ್ದು ಸುಳ್ಳೇನಲ್ಲ; ಸೂಜಿಗೆ ದಾರ ಪೋಣಿಸಲು ಈಗ ಸೊಸೆಯೇ ಬೇಕು. ತಾನೇ ತಪ್ಪಿದ್ದರೆ? ಒಂದು ದಿನದ ಗಡುವು ಕೇಳಿದಳು. ಕಪಾಟಿನ ತಳದಲ್ಲಿ ಉಳಿದಿದ್ದ ಹಳೆಯ ಜಿರ್ಕೋನಿಯಂನಿಂದ ಒಂದು ಬೆರಕೆ, ಆ ವಾರ ಕೊಂಡು ತಂದ ಹೊಸದರಿಂದ ಒಂದು ಬೆರಕೆ ತೂಗಿಟ್ಟಳು. ಕುಲುಮೆಯವನು ಮತ್ತೆ ತೂಗಿ ನೋಡಿದ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಹಳೆಯದರ ಪಟ್ಟಿ ಬಗ್ಗಿ ಚಿಮ್ಮಿತು. ಹೊಸದರದ್ದು ಮುರಿಯಿತು.

"ಅಗ್ಗದ್ದು ತಂದ್ಯೇನೋ?" ಎಂದರು ಯಜಮಾನರು.

"ಅದೂ ಜಿರ್ಕೋನಿಯಮ್ಮೇ ಭಾವ. ಸ್ವಲ್ಪ ಆಮ್ಲಜನಕ ಸೇರ್ಕೊಂಡಿದ್ಯಂತೆ, ಅಷ್ಟೇ."

"ಆ ಅಷ್ಟೇ ಅನ್ನೋದೇ ಎಲ್ಲರನ್ನೂ ಸಾಲು ನಿಲ್ಸೋ ಮೇಷ್ಟ್ರು," ಎಂದಳು ಅಕ್ಕ. "ಸರಕು ಬಿಸಾಡ್ಬೇಡಿ. ನೂರರಲ್ಲಿ ಒಂದು ಪಾಲು ಯಿಟ್ರಿಯಂ ಅನ್ನೋ ಲೋಹ ಸೇರ್ಸೋಣ. ಅದು ಮೇಷ್ಟ್ರನ್ನ ಮಾತಿಗೆಳೆದು ಮೂಲೇಲಿ ಕೂರ್ಸುತ್ತೆ."

ಮೂರನೆಯ ಪಟ್ಟಿ ಹಳೆಯದರಷ್ಟು ಬಗ್ಗಲಿಲ್ಲ, ಆದರೂ ಚಿಮ್ಮಿತು.

"ತಕ್ಕಡಿ ನಿಮ್ಮದೇ ಅಕ್ಕ," ಎಂದರು ಯಜಮಾನರು.

ಅವಳು ತಕ್ಕಡಿಯ ತಟ್ಟೆ ಒರೆಸಿಟ್ಟಳು. "ಈ ಸಲ ತಪ್ಪು ನನ್ನದಲ್ಲ. ಮುಂದೊಂದು ದಿನ ಆಗಬಹುದು. ನಾನು ತೂಗಿದ್ದನ್ನ ಇನ್ನೊಬ್ಬರು ಮತ್ತೆ ತೂಗ್ಲಿ."

"ಯಾರು?"

"ಕೊಂಡು ತರೋರೇ ತೂಗ್ಲಿ. ಅವರ ಕಣ್ಣು ಚೆನ್ನಾಗಿದೆಯಲ್ಲ."

ಮರುದಿನದಿಂದ ಭಾವಮೈದ ಅವಳ ಪಕ್ಕದಲ್ಲಿ, ಉಸಿರಿಗೆ ತಟ್ಟೆ ಅಲುಗೀತೆಂದು ಬಾಯಿ ಬಿಗಿಹಿಡಿದು ಕೂತ.