ಬೆತ್ಲೆಹೇಮಿಗೆ ಹೋಗದವಳು

ಕಾನ್ವೆಂಟ್ ಶಾಲೆಯ ಬಗ್ಗೆ ನಮ್ಮ ಹಿರಿಯೂರಿನಲ್ಲಿ ಎರಡು ಕಥೆಗಳು ಚಾಲ್ತಿಯಲ್ಲಿವೆ. ಎರಡನ್ನೂ ನಾನು ನಂಬುವುದಿಲ್ಲ. ಮೊದಲನೆಯದರ ಪ್ರಕಾರ, ಬೆಳಿಗ್ಗೆ ಅದರ ಗೇಟು ದಾಟಿದ ಮಗು ಸಂಜೆಗೆ ಶಿಸ್ತಿನ ಸಿಪಾಯಿಯಾಗಿ, ಇಂಗ್ಲಿಷಿನಲ್ಲಿ ಸೀನುತ್ತ ಹೊರಗೆ ಬರುತ್ತದೆ. ಎರಡನೆಯದರ ಪ್ರಕಾರ, ಸಿಸ್ಟರುಗಳು ಮಕ್ಕಳ ಕೈಗೊಂದು ಚಾಕೊಲೇಟ್ ಕೊಟ್ಟು ತಲೆಯೊಳಗೆ ತಮ್ಮ ದೇವರನ್ನು ಇಳಿಸಿಬಿಡುತ್ತಾರೆ. ಮೊದಲ ಕಥೆ ಹೇಳುವವರು ಮೇ ತಿಂಗಳಿನಲ್ಲಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ, ಎರಡನೆಯದನ್ನು ಹೇಳುವವರು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಿರುತ್ತಾರೆ. ಎಷ್ಟೋ ಸಲ ಇಬ್ಬರೂ ಒಬ್ಬರೇ.

ಎರಡು ಕಥೆಗಳ ತಪ್ಪೂ ಒಂದೇ. ಸಿಸ್ಟರುಗಳಿಗೆ ಇಲ್ಲದ ಶಕ್ತಿಯೊಂದನ್ನು ಅವರ ಮೇಲೆ ಹೊರಿಸುವುದು. ನಾಲ್ಕನೇ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಎರಡೂ ಕಾಲಿಗೆ ಒಂದೇ ಬಣ್ಣದ ಕಾಲುಚೀಲ ಇರುವಂತೆ ನೋಡಿಕೊಳ್ಳುವುದಕ್ಕೇ ಆಗದವರು ಆತ್ಮಗಳನ್ನು ಬದಲಾಯಿಸುತ್ತಾರೆಯೇ? ಅನುಮಾನವಿದ್ದವರು ಮಧ್ಯಾಹ್ನದ ಊಟದ ಗಂಟೆಗೆ ಬಂದು ನೋಡಬೇಕು. ಡಬ್ಬಿ ತೆರೆಯುವ ಮೊದಲು ಪ್ರಾರ್ಥನೆ ಉಂಟು. ಕೈ ಜೋಡಿಸಬೇಕು, ಕಣ್ಣು ಮುಚ್ಚಬೇಕು. ಮಕ್ಕಳು ಒಂದು ಕೈಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು, ಒಂದು ಕಣ್ಣನ್ನು ಪಕ್ಕದವರ ಡಬ್ಬಿಯ ಮೇಲಿಟ್ಟು, ಹರಪನಹಳ್ಳಿ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುವ ವೇಗದಲ್ಲಿ ದೇವರಿಗೆ ವಂದನೆ ಸಲ್ಲಿಸುತ್ತಾರೆ. 'ಆಮೆನ್' ಮತ್ತು ಮುಚ್ಚಳ ತೆರೆಯುವ ಶಬ್ದ, ಯಾವುದು ಮೊದಲು ಎಂದು ಹೇಳುವುದು ಯಾವ ತೀರ್ಪುಗಾರರಿಗೂ ಸಾಧ್ಯವಿಲ್ಲ.

ತೀರ್ಪುಗಾರರ ಮಾತು ಬಂದದ್ದು ಅಭ್ಯಾಸಬಲದಿಂದ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ವಿಷಯದ ಪರವಾಗಿ ಬೇಕೆ, ವಿರೋಧವಾಗಿ ಬೇಕೆ, ಚೀಟಿಯಲ್ಲಿ ಬಂದಂತೆ ನಾಲ್ಕು ನಿಮಿಷ ನಂಬುವುದು ನನಗೆ ಗೊತ್ತು. ಚಿತ್ರದುರ್ಗದ ಕಾಲೇಜಿನಲ್ಲಿ ಗೆದ್ದ ಫಲಕಗಳು ಮನೆಯ ಶೋಕೇಸಿನಲ್ಲಿ ಧೂಳು ತಿನ್ನುತ್ತಿವೆ. ಅವನ್ನು ಒರೆಸುವ ಸರದಿ ಯಾರದೆಂಬ ವಾದದಲ್ಲಿ ನನ್ನ ಅಮ್ಮನೆದುರು ಈವರೆಗೆ ನಾನು ಒಮ್ಮೆಯೂ ಗೆದ್ದಿಲ್ಲ. ನನ್ನನ್ನು ಮೊದಲ ಸಲ ಮೈಕಿನ ಮುಂದೆ ನಿಲ್ಲಿಸಿದ್ದು ಇದೇ ಶಾಲೆಯ ಸಿಸ್ಟರ್ ಜೆಸಿಂತಾ. ನಾನು ಮೂರನೇ ತರಗತಿಯಲ್ಲಿದ್ದಾಗ ಒಮ್ಮೆ ಅವರು, ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟುಹೋದ ಒಳ್ಳೆಯ ಕುರುಬನ ಕಥೆ ಹೇಳುತ್ತಿದ್ದಾಗ ನಾನು ನಡುವೆ ಎದ್ದು, ಅದು ಲೆಕ್ಕಕ್ಕೆ ಸರಿಹೋಗುವುದಿಲ್ಲ ಎಂದಿದ್ದೆನಂತೆ. ಅವರು ಹೊಡೆಯಲಿಲ್ಲ. "ಈ ಬಾಯಿಗೆ ಒಂದು ಕೆಲಸ ಕೊಡಬೇಕು ಮಾರಾಯ್ತಿ" ಎಂದು ಮಾರನೆಯ ದಿನ ಭಾಷಣಕ್ಕೆ ಹೆಸರು ಬರೆಸಿದರು. ಅವರು ಕರಾವಳಿಯವರು. ಹಿರಿಯೂರಿನ ಬಿಸಿಲಿನಲ್ಲಿ ಮೂವತ್ತು ವರ್ಷ ಒಣಗಿದರೂ ಅವರ ಕನ್ನಡ ಮಾತ್ರ ಇನ್ನೂ ಮಂಗಳೂರಿನಲ್ಲೇ ಇದೆ.

ಕಳೆದ ವರ್ಷ ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುತ್ತಿದ್ದಾಗ, ನಾಲ್ಕನೇ ತರಗತಿಯ ಟೀಚರು ಹೆರಿಗೆ ರಜೆಗೆ ಹೋದರು. ಸಿಸ್ಟರ್ ಫೋನು ಮಾಡಿದರು. ನನಗಲ್ಲ, ಅಮ್ಮನಿಗೆ. ಹೀಗೆ ಚರ್ಚೆಗೆ ಅವಕಾಶವೇ ಇಲ್ಲದೆ ನಾನು 'ಮಿಸ್' ಆದೆ. ಕ್ರಿಸ್ತ ಹುಟ್ಟಿದ ರಾತ್ರಿಯ ನಾಟಕ ಆಡಿಸುವ ಹೊಣೆಯೂ ನನ್ನದೇ ಆಯಿತು. "ನಿನಗೆ ಮಾತು ಬರ್ತದಲ್ಲ" ಎಂಬುದೇ ಅದಕ್ಕೆ ಕಾರಣ. ದೇವರನ್ನು ನಂಬುವುದಕ್ಕೂ ನಾಟಕ ಆಡಿಸುವುದಕ್ಕೂ ಸಂಬಂಧವಿಲ್ಲ ಎಂದು ನಾನು ಒಪ್ಪಿಕೊಂಡೆ. ಅದೂ ನಾಲ್ಕು ನಿಮಿಷದ ನಂಬಿಕೆಯ ಹಾಗೆಯೇ.

ಈ ನಾಟಕದ ಪಾತ್ರವರ್ಗವನ್ನು ಒಮ್ಮೆ ನೋಡಿದರೆ ಟೀ ಅಂಗಡಿಯ ಬೆಂಚು ಖಾಲಿಯಾಗಬೇಕು. ಬಡಗಿ ಜೋಸೆಫನ ಪಾತ್ರಕ್ಕೆ ಪೇಟೆಯ ಫರ್ನಿಚರ್ ಅಂಗಡಿಯ ಇಮ್ರಾನ್. ಪಾತ್ರಕ್ಕೆ ಆರಿಸಿದ ದಿನವೇ ಅಪ್ಪನ ಕಿವಿಯಲ್ಲಿರುವಂತೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದಿದ್ದ. ದೇವದೂತನ ಪಾತ್ರಕ್ಕೆ ವೈದ್ಯರ ಮಗಳು ಸಾನ್ವಿ. ಕುರಿ ಕಾಯುವವರು ಮೂವರು: ಬ್ಯಾಂಕ್ ಮ್ಯಾನೇಜರ ಮಗ, ಬಟ್ಟೆ ಅಂಗಡಿಯವರ ಮಗಳು ಮತ್ತು ಬೀರಮ್ಮ.

ಬೀರಮ್ಮನ ಪಾತ್ರವನ್ನು ಹಂಚಿದ್ದು ಸ್ವತಃ ಸಿಸ್ಟರ್, ಅದರ ಹಿಂದೆ ಉದ್ದೇಶವಿತ್ತು. ಅವಳ ಅಪ್ಪ ಕೆಂಚಪ್ಪ ಕುರಿ ಸಾಕುವವರು. ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ. ದೊಡ್ಡವರು ಕುರಿ ಮೇಯಿಸಲು ಹೋದಾಗ ಬೀಡಿನಲ್ಲಿ ಎಳೆ ಮರಿಗಳ ಹತ್ತಿರ ಒಬ್ಬರು ಇರಬೇಕು. ಹಿಂದಿನ ವರ್ಷ ಇದ್ದವಳು ಬೀರಮ್ಮ. ಜನವರಿಯಲ್ಲಿ ಹೋದವಳು ಮರಳಿ ಬಂದದ್ದು ಪರೀಕ್ಷೆಯ ಹಿಂದಿನ ವಾರ. ಭಾಗಾಕಾರ ಅವಳಿಗೆ ಇಂದಿಗೂ ಬಾರದಿರುವುದು ಆ ಎರಡು ತಿಂಗಳಿನಿಂದ. ಈ ಸಲವೂ ಕ್ರಿಸ್‌ಮಸ್ ರಜೆ ಶುರುವಾದೊಡನೆ ಕರೆದೊಯ್ಯುತ್ತೇನೆ ಎಂದು ಕೆಂಚಪ್ಪ ಹೇಳಿ ಕಳಿಸಿದ್ದರು. ಅವಳ ಅಣ್ಣ ಹೊಸದುರ್ಗದ ಹಾಸ್ಟೆಲಿನಲ್ಲಿ ಹತ್ತನೇ ತರಗತಿ, ತಾಯಿಗೆ ಮಂಡಿನೋವು. ಮಗಳ ನಾಟಕವೆಂದರೆ ಅಪ್ಪ ಬಂದೇ ಬರುತ್ತಾರೆ, ಬಂದಾಗ ಕೂರಿಸಿ ಮಾತಾಡಬೇಕು, ಈ ವರ್ಷ ಅವಳನ್ನು ಬಿಡಬಾರದು. ಇದು ಸಿಸ್ಟರ್ ಹೂಡಿದ ಸಂಚು. ಮತಾಂತರದ ಸಂಚು ಎನ್ನುವವರು ಬೇಕಾದರೆ ಇದನ್ನು ಬರೆದುಕೊಳ್ಳಬಹುದು.

ತಾಲೀಮಿಗೆ ಕೆಂಚಪ್ಪ ಎರಡು ನಿಜವಾದ ಮರಿಗಳನ್ನು ಕಳಿಸಿಕೊಟ್ಟಿದ್ದರು. ದೇವದೂತ ಬಂದು ಶುಭವಾರ್ತೆ ಹೇಳಿದಳು. ಮೂವರೂ "ಬನ್ನಿ, ಬೆತ್ಲೆಹೇಮಿಗೆ ಹೋಗೋಣ" ಎಂದು ಮಗು ಮಲಗಿರುವ ದನದ ಗೋದಲಿಯ ಕಡೆ ನಡೆಯಬೇಕು. ಇಬ್ಬರು ನಡೆದರು. ಬೀರಮ್ಮ ಕಂಬಳಿ ಹೊದ್ದು ಅಲ್ಲೇ ನಿಂತಿದ್ದಳು.

"ಮಿಸ್, ಕುರಿ?"

"ಕುರಿ ಅಲ್ಲೇ ಇರ್ಲಿ, ನೀನು ನಡಿ."

"ಯಾರ್ ನೋಡ್ಕಂತಾರೆ?"

ನನಗೆ ಉತ್ಸಾಹ ಬಂತು. ಎಷ್ಟೋ ದಿನದ ಮೇಲೆ ಎದುರಾಳಿಯೊಬ್ಬಳು ಸಿಕ್ಕಿದ್ದಳು. "ದೇವದೂತ ನೋಡ್ಕೊಳ್ತಾಳೆ ಕಣೆ" ಎಂದೆ.

ಬೀರಮ್ಮ ದೇವದೂತನ ವೇಷದ ಸಾನ್ವಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆಕೆಗೆ ಕುರಿ ಕಂಡ್ರೆ ಹೆದ್ರಿಕೆ ಮಿಸ್. ಬೆಳಿಗ್ಗೆ ಮರಿ ಬ್ಯಾ ಅಂದಿದ್ದಕ್ಕೇ ಬೆಂಚ್ ಹತ್ತಿದ್ಲು."

"ಲೇ, ನಂದು ರೆಕ್ಕೆ ಕಿತ್ತೋಗುತ್ತೆ ಅಂತ ಹತ್ತಿದ್ದು!" ಎಂದಳು ಸಾನ್ವಿ.

"ಒಂದು ರಾತ್ರಿ ತಾನೆ ಬೀರಮ್ಮ. ಏನಾಗುತ್ತೆ?"

"ತ್ವಾಳಕ್ಕೆ ಒಂದ್ ರಾತ್ರಿ ಸಾಕಾಗಲ್ವಾ ಮಿಸ್?"

ಗೌರವಾನ್ವಿತ ತೀರ್ಪುಗಾರರೇ, ಅಂಕವನ್ನು ಅವಳಿಗೇ ಬರೆದುಕೊಳ್ಳಿ. ಜಗತ್ತಿನಾದ್ಯಂತ ಪ್ರತಿ ಡಿಸೆಂಬರಿನಲ್ಲಿ ಸಾವಿರಾರು ಶಾಲೆಗಳ ವೇದಿಕೆಯ ಮೇಲೆ ಕುರಿ ಕಾಯುವವರು ಮಂದೆ ಬಿಟ್ಟು ನಡೆದುಹೋಗುತ್ತಾರೆ. ನಂಬುವವರು ನಂಬಿಕೆಯಿಂದ ನೋಡುತ್ತಾರೆ, ನನ್ನಂಥವರು ನಕ್ಷತ್ರ ಹೇಗೆ ದಾರಿ ತೋರಿಸಿತು ಎಂದು ಮೂಗು ಮುರಿಯುತ್ತಾರೆ. ಕುರಿಯ ಗತಿ ಏನಾಯಿತೆಂದು ಕೇಳಲು ಕುರಿಯ ಜೊತೆ ಮಲಗಿ ಎದ್ದವರೇ ಬೇಕಾಯಿತು. ನನ್ನ ಸಂದೇಹವೆಲ್ಲ ಪುಸ್ತಕದ್ದು ಎಂದು ಅಂದು ತಿಳಿಯಿತು. ಮೂರನೇ ತರಗತಿಯಲ್ಲಿ ನಾನು ಎತ್ತಿದ ಆಕ್ಷೇಪವೂ ಬರೀ ಲೆಕ್ಕದ್ದು. ತೊಂಬತ್ತೊಂಬತ್ತು ದೊಡ್ಡದು, ಒಂದು ಚಿಕ್ಕದು. ತೋಳದ ನೆನಪು ನನಗೆ ಬಂದಿರಲಿಲ್ಲ.

ಸಿಸ್ಟರ್ ಬಳಿ ದೂರು ಒಯ್ದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು, ಕಪಾಟಿನಿಂದ ಬೈಬಲ್ ತೆಗೆದು ಆ ಪುಟ ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. "ಬರೆದಿಲ್ಲ ಮಾರಾಯ್ತಿ. ಇಷ್ಟು ವರ್ಷ ನಾಟಕ ಮಾಡಿಸಿದೆ, ಒಬ್ಬರೂ ಕೇಳಿದ್ದಿಲ್ಲ." ಬರೆಯದಿದ್ದ ಮೇಲೆ ಸೇರಿಸಬಹುದು ಎಂದು ನಾನು ವಾದಿಸಿದೆ. ಅವರು ಒಪ್ಪಿದರು. ಇಬ್ಬರು ಹೋಗುವುದು, ಬೀರಮ್ಮ ಕುರಿಯೊಂದಿಗೆ ಉಳಿಯುವುದು ಎಂದಾಯಿತು. ಆ ವರ್ಷದ ನನ್ನ ಅತ್ಯುತ್ತಮ ಗೆಲುವು ಎಂದುಕೊಂಡು ಮನೆಗೆ ಹೋದೆ. ಫಲಕ ಕೊಡುವವರು ಮಾತ್ರ ಇರಲಿಲ್ಲ.

ರಜೆಯ ಹಿಂದಿನ ಮಧ್ಯಾಹ್ನ ನಾಟಕ. ಕೆಂಚಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಇಬ್ಬರು ಗೋದಲಿಗೆ ಹೋಗಿ ಮಂಡಿಯೂರಿದರು, ಬೀರಮ್ಮ ವೇದಿಕೆಯ ಈ ತುದಿಯಲ್ಲಿ ಮರಿಗಳ ಹಗ್ಗ ಹಿಡಿದು ನಿಂತಳು. ಹಿಂದಿನಿಂದ ಯಾರೋ, "ಪಾಪ, ಹುಡುಗಿ ಮರ್ತೋಯ್ತು" ಎಂದರು. ಕೆಂಚಪ್ಪ ತಿರುಗಿದರು. "ಮರ್ತಿಲ್ಲ ಕಣ್ರಿ. ಸುಮ್ನೆ ಕುಂತ್ಕಳ್ರಿ, ಯಾರಾರ ಒಬ್ರು ಇರ್ಬೇಕಲ್ಲ." ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಯಾವ ಬಹುಮಾನ ವಿತರಣೆಯಲ್ಲೂ ಕೇಳಿಲ್ಲ.

ಮುಂದಿನದು ನಾನು ಬರೆದದ್ದಲ್ಲ. ಜೋಸೆಫನಾಗಿದ್ದ ಇಮ್ರಾನ್ ಎರಡು ಸಲ ಆ ಕಡೆ ನೋಡಿದ. ಮೈಕು ಹತ್ತಿರದಲ್ಲೇ ಇದೆಯೆಂಬುದನ್ನು ಮರೆತು, ಪಕ್ಕದಲ್ಲಿ ತಾಯಿ ಮರಿಯಳಾಗಿ ಕುಳಿತಿದ್ದ ಹುಡುಗಿಗೆ, "ಅವ್ಳು ಬರಂಗಿಲ್ಲ. ನಾವೇ ಹೋಗಾಣ ಬಾ" ಎಂದ. ಗೋದಲಿಯಲ್ಲಿ ಶಿಶು ಕ್ರಿಸ್ತನೆಂದು ಮಲಗಿಸಿದ್ದ ಗೊಂಬೆಯನ್ನು ಒಂದು ಕಾಲು ಹಿಡಿದು ಎತ್ತಿಕೊಂಡು ವೇದಿಕೆಯ ಉದ್ದಕ್ಕೂ ನಡೆದುಬಂದು ಅವಳ ಕೈಗೆ ಕೊಟ್ಟ. ಬೀರಮ್ಮ ಅದನ್ನು ನೋಡಿ, ಆಗತಾನೆ ಹುಟ್ಟಿದ ಮರಿಯನ್ನು ಇಟ್ಟುಕೊಳ್ಳುವ ಹಾಗೆ ಕಂಬಳಿಯ ಒಳಗೆ, ತಲೆ ಮಾತ್ರ ಹೊರಗಿರುವಂತೆ ಇಟ್ಟುಕೊಂಡಳು. ಸಭೆ ಚಪ್ಪಾಳೆ ತಟ್ಟಿತು. ನಾನು ನಾಸ್ತಿಕಳು, ಆದರೂ ಆ ಕ್ಷಣದಲ್ಲಿ ನನ್ನನ್ನು ಯಾರೂ ಪ್ರಶ್ನೆ ಕೇಳದಿದ್ದುದು ಒಳ್ಳೆಯದಾಯಿತು.

ನಾಟಕ ಮುಗಿದ ಮೇಲೆ ಸಿಸ್ಟರ್ ಕೆಂಚಪ್ಪನವರನ್ನು ಆಫೀಸಿನಲ್ಲಿ ಕೂರಿಸಿದರು. ಟೀ ಬಂತು, ಕೇಕ್ ಬಂತು, ಭಾಗಾಕಾರದ ವಿಷಯವೂ ಬಂತು. ಕೆಂಚಪ್ಪ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು.

"ನೀವ್ ಹೇಳಾದು ಸರಿ ಐತೆ ಸಿಸ್ಟರ್. ನನ್ಗೂ ಓದುಸ್ಬೇಕು ಅಂತ ಆಸೆ ಐತೆ. ಆದ್ರೆ ನೀವೇ ತೋರಿಸ್ದ್ರಲ್ರಿ ನಾಟಕ್ದಾಗೆ. ದೇವ್ರೇ ಹುಟ್ಟಿದ್ರೂ ಒಬ್ರು ಕುರಿ ತಾವ ಇರ್ಬೇಕು ಅಂತ. ಇನ್ನ ಇಸ್ಕೂಲು ಯಾವ ಲೆಕ್ಕ ಹೇಳ್ರಿ?"

ವ್ಯಂಗ್ಯವಾಗಿ ಹೇಳಿದ್ದಲ್ಲ. ಮೆಚ್ಚಿಕೊಂಡೇ ಹೇಳಿದ್ದು. ಕಾನ್ವೆಂಟಿನವರಿಗೂ ತಮ್ಮ ಕಷ್ಟ ಅರ್ಥವಾಯಿತಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಕೇಕಿನ ಕಡೆ ನೋಡಿದೆ. ಎದುರಾಳಿಗೆ ಬೇಕಾದ ವಾದವನ್ನು ನಾನೇ ಬರೆದು, ತಾಲೀಮು ಮಾಡಿಸಿ, ಮೈಕು ಕೊಟ್ಟು ಆಡಿಸಿದ್ದೆ.

ಜನವರಿಯಲ್ಲಿ ಬೀರಮ್ಮನ ಜಾಗ ಖಾಲಿ. ಮಂದೆ ಮಾರಿಕಣಿವೆ ಕಡೆ ಬೀಡುಬಿಟ್ಟಿದೆ ಎಂದು ತಿಳಿಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿದಾಗ ಸಿಸ್ಟರ್ ಕೊಡೆ ಹಿಡಿದು, "ನಡಿ" ಎಂದರು. ಇಬ್ಬರೂ ಮಾರಿಕಣಿವೆಯ ಬಸ್ಸು ಹತ್ತಿದೆವು. ಆಮೇಲೆ ಪ್ರತಿ ಶನಿವಾರ ಅದೇ ಬಸ್ಸು. ಬಲೆ ಕಟ್ಟಿದ ಬೀಡಿನೊಳಗೆ ಹತ್ತಿಪ್ಪತ್ತು ಮರಿಗಳು, ನಡುವೆ ಬೀರಮ್ಮ. ಸಿಸ್ಟರ್ ಕಲ್ಲಿನ ಮೇಲೆ ಕುಳಿತು ಭಾಗಾಕಾರ ಹೇಳಿಕೊಡುತ್ತಿದ್ದರೆ ಮರಿಯೊಂದು ಅವರ ತಲೆವಸ್ತ್ರದ ತುದಿ ಅಗಿಯುತ್ತಿರುತ್ತದೆ. ಸಿಸ್ಟರ್ ಅದನ್ನು ಬಿಡಿಸಿಕೊಳ್ಳುವುದೂ ಇಲ್ಲ. ತಿರುಗಿದರೆ ಲೆಕ್ಕ ತಪ್ಪುತ್ತದೆ.

ಊರಿನವರಿಗೆ ಈಗ ಮೂರನೆಯ ಕಥೆ ಸಿಕ್ಕಿದೆ: ಕಾನ್ವೆಂಟಿನ ಸಿಸ್ಟರ್ ಕುರಿಹಟ್ಟಿಗೇ ಹೋಗಿ ಪಾಠ ಮಾಡುವ ಪುಣ್ಯಾತ್ಗಿತ್ತಿ. ಮೊದಲೆರಡಕ್ಕಿಂತ ಇದು ವಾಸಿ, ನಿಜವೂ ಹೌದು. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಮೊನ್ನೆ ಹೊರಡುವಾಗ ಬೀರಮ್ಮ ಬಲೆಯ ಆಚೆಯಿಂದ, "ಮಿಸ್, ಈಗ ಕ್ಲಾಸಲ್ಲಿ ನನ್ನ ಬೆಂಚಲ್ಲಿ ಯಾರ್ ಕುಂತ್ಕಂತಾರೆ?" ಎಂದಳು. ಯಾರೂ ಇಲ್ಲ ಎಂದೆ. ಅವಳು ತಲೆಯಾಡಿಸಿ ಮರಿಗಳ ಕಡೆ ತಿರುಗಿದಳು. ಬಸ್ಸಿಗೆ ನಡೆದು ಬರುವಾಗ ನನಗೆ ತಾಲೀಮಿನ ದಿನ ನೆನಪಾಯಿತು. ಅಂದೂ ಅವಳು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದಳೇ ಹೊರತು, ನಾನು ಉಳಿಯುತ್ತೇನೆ ಎಂದು ಒಂದು ಸಲವೂ ಹೇಳಿರಲಿಲ್ಲ.

ರಸ್ತೆಯ ಬದಿಯಲ್ಲಿ ಸಿಸ್ಟರ್ ಕೊಡೆಯನ್ನು ಅರ್ಧ ನನ್ನ ಕಡೆ ಬಾಗಿಸಿ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ನಾನು ಕೇಳಿದೆ:

"ಸಿಸ್ಟರ್, ಕುರಿ ಕಾಯೋರು ಮೂರು ಜನ ಇದ್ರು. ಒಬ್ರು ಉಳೀಬೇಕು ಅಂದಾಗ ಇನ್ನಿಬ್ರನ್ನ ನಾವು ಯಾಕೆ ಕೇಳ್ಲೇ ಇಲ್ಲ?"